ಅತ್ತೆಯ ಗಾಡಿಗೆ ಸೇರಿದ ಗಾಳಿ

ಊರಿನ ನೀರನ್ನೆಲ್ಲ ಅಳೆಯುವ ಮನುಷ್ಯ ತನ್ನ ಅತ್ತೆಯ ಕಾರಿನಲ್ಲಿ ನೀರಿದೆಯೋ ಇಲ್ಲವೋ ಎಂದು ನೋಡಲಿಲ್ಲ. ಈ ಕಥೆಯ ಸಕಲ ಅನಾಹುತಕ್ಕೂ ಮೂಲ ಇಷ್ಟೇ.

ಆ ಮನುಷ್ಯನನ್ನು ಬೀದಿಯವರು ಮೀಟರಪ್ಪ ಎಂದು ಕರೆಯುತ್ತಿದ್ದರು. ನೀರು ಸರಬರಾಜು ಕಚೇರಿಯ ಪರವಾಗಿ ಮನೆಮನೆಗೆ ಹೋಗಿ ಮೀಟರ್ ಓದುವುದು, ಎಲ್ಲಾದರೂ ಪೈಪು ಸೋರಿದರೆ ಹುಡುಕಿ ಹಿಡಿಯುವುದು ಅವನ ಕೆಲಸ. ಅವನು ಮನೆ ಅಳಿಯ. ಮನೆ ಅತ್ತೆಯದು, ಮನೆ ಮುಂದಿನ ಶೆಡ್ಡು ಅತ್ತೆಯದು, ಶೆಡ್ಡಿನೊಳಗಿನ ಕಾರು ಅತ್ತೆಯದು. ತನ್ನದು ಎಂದು ಹೇಳಿಕೊಳ್ಳಲು ಮೀಟರಪ್ಪನಿಗೆ ಇದ್ದದ್ದು ಒಂದು ಸೈಕಲ್ಲು, ಒಬ್ಬ ಹೆಂಡತಿ. ಆ ಹೆಂಡತಿಯೂ ಜಗಳ ಬಂದ ದಿನ ಅತ್ತೆಯ ಪಾಲಿಗೆ ಹೋಗುತ್ತಿದ್ದಳು.

ಅತ್ತೆ ಸಾಮಾನ್ಯದ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಆ ಒಂದು ಕಾರನ್ನು ನೆಚ್ಚಿಕೊಂಡು ಡ್ರೈವಿಂಗ್ ಸ್ಕೂಲು ತೆರೆದು, ಊರಿನ ಅರ್ಧ ಜನಕ್ಕೆ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಬೈದು ಬೈದು ಕಲಿಸಿ, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವರು. ಈಗ ಸ್ಕೂಲು ಮುಚ್ಚಿದ್ದರೂ ಬೈಯುವ ಅಭ್ಯಾಸ ಮುಚ್ಚಿರಲಿಲ್ಲ. ಅಳಿಯನ ಬಗ್ಗೆ ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ: "ನಮ್ಮ ಅಳಿಯಂದಿರು ಒಳ್ಳೆಯವರು. ಏನನ್ನೂ ಮುಟ್ಟದೆ ಇದ್ರೆ ಇನ್ನೂ ಒಳ್ಳೆಯವರು."

ಈ ಮಾತು ಮೀಟರಪ್ಪನ ಎದೆಯಲ್ಲಿ ಮುಳ್ಳಿನಂತೆ ನಾಟಿತ್ತು. ತಾನು ಮುಟ್ಟಿದ್ದು ಒಂದಾದರೂ ಸರಿಹೋಗಬೇಕು, ಅದನ್ನು ಅತ್ತೆ ಕಣ್ಣಾರೆ ನೋಡಬೇಕು, ನೋಡಿ ನಾಲ್ಕು ಜನರ ಎದುರು ಹೇಳಬೇಕು. ಅವನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಇಷ್ಟೇ.

ಅತ್ತೆ ಬೇರೆ ಊರಿನಲ್ಲಿದ್ದ ಹಿರಿಯ ಮಗಳ ಮನೆಗೆ ಹೊರಟಾಗ ಕಾರಿನ ಕೀಲಿ ಕೊಟ್ಟು, "ಅಳಿಯಂದಿರೇ, ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ. ಓಡಿಸಬೇಡಿ," ಎಂದರು. ಮೀಟರಪ್ಪ ಮೊದಲನೆಯ ವಾಕ್ಯವನ್ನು ಮಾತ್ರ ಮನಸ್ಸಿಗೆ ತೆಗೆದುಕೊಂಡ. ಅದೇ ವಾರ ತನ್ನ ಕಚೇರಿಯ ಸಾಹೇಬರನ್ನು ಕಾರಿನಲ್ಲಿ ಮನೆಗೆ ಬಿಟ್ಟು ಬರುವ ಠೀವಿ ತೋರಿಸಲು ಹೋದ. ಏರುರಸ್ತೆಯ ಅರ್ಧದಲ್ಲಿ ಬಾನೆಟ್ಟಿನಿಂದ ಬುಸುಬುಸು ಆವಿ ಎದ್ದಿತು. ಒಳಗೆ ಏನೋ ಕಟಕಟ ಎಂದಿತು, ಕಟ್ ಎಂದಿತು, ಆಮೇಲೆ ಏನೂ ಎನ್ನಲಿಲ್ಲ. ರೇಡಿಯೇಟರಿನಲ್ಲಿ ಒಂದು ಲೋಟ ನೀರೂ ಇರಲಿಲ್ಲ. ಸಾಹೇಬರು ಉಳಿದ ದಾರಿಯನ್ನು ನಡೆದುಕೊಂಡು ಹೋದರು.

ಮೆಕ್ಯಾನಿಕ್ ಮೇಸ್ತ್ರಿ ಬಂದು ನೋಡಿ ತಲೆಯಾಡಿಸಿದ. "ಇಂಜಿನ್ ಹಿಡ್ಕೊಂಡುಬಿಟ್ಟಿದೆ ಸ್ವಾಮಿ. ಇದು ಹೋಯ್ತು."

"ರಿಪೇರಿ?"

"ಸೀಕಾದ್ರೆ ರಿಪೇರಿ ಮಾಡ್ಬೋದು. ಸತ್ತದ್ದಕ್ಕೆ ಏನು ಮಾಡೋದು? ಬೇರೆ ಇಂಜಿನ್ ಹಾಕ್ಬೇಕು."

ಗುಜರಿ ಅಂಗಡಿಯಲ್ಲಿ ಒಂದು ಇಂಜಿನ್ನು ಸಿಕ್ಕಿತು. ಹಳೆಯದರಂತೆ ಕಾರ್ಬ್ಯುರೇಟರ್ ಇರುವುದಲ್ಲ, ಹೊಸ ಕಾಲದ್ದು. ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಕೂತು ಲೆಕ್ಕ ಹಾಕಿ, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಎಂದು ಅಳೆದು ಚಿಮುಕಿಸುವ ಜಾತಿಯದು. ಮೇಸ್ತ್ರಿ ಅದನ್ನು ಕಾರಿನ ಹೊಟ್ಟೆಯಲ್ಲಿ ಕೂರಿಸಿ, ವೈರುಗಳನ್ನು ಎಳೆದು, ಪೈಪುಗಳಿಗೆ ಕೈ ಹಾಕುವಾಗ ಮೀಟರಪ್ಪ ತಡೆದ.

"ಮೇಸ್ತ್ರಿ, ಇಲ್ಲಿಗೆ ನಿಲ್ಲಿಸಿ. ಪೈಪಿನ ಕೆಲಸ ನನಗೆ ಬಿಡಿ. ಪೈಪು ಅಂದ್ರೆ ಏನು ಅಂತ ನನಗೆ ಹೇಳಿಕೊಡೋಕೆ ಬರಬೇಡಿ."

ಮೇಸ್ತ್ರಿಗೂ ತಮ್ಮನ ಮದುವೆಗೆ ಹೊರಡುವ ಅವಸರವಿತ್ತು. ಮೀಟರಪ್ಪ ತನ್ನ ಕಸುಬಿನ ಧರ್ಮದಂತೆ, ಎಲ್ಲೆಲ್ಲಿ ಬಾಯಿ ಇದೆಯೋ ಅಲ್ಲಲ್ಲಿ ಒಂದು ಪೈಪು ಇರಲೇಬೇಕೆಂದು ಕಂಡಕಂಡ ಪೈಪನ್ನೆಲ್ಲ ಜೋಡಿಸಿ ಕ್ಲಿಪ್ಪು ಬಿಗಿದ. ಕೀಲಿ ತಿರುಗಿಸಿದ ಕೂಡಲೇ ಇಂಜಿನ್ನು ಶುರುವಾಯಿತು. ಶುರುವಾಗಿ ಕೂಗಲಾರಂಭಿಸಿತು. ಆಕ್ಸಿಲರೇಟರನ್ನು ಯಾರೂ ತುಳಿದಿರಲಿಲ್ಲ. ಆದರೂ ಯಾರೋ ತುಳಿದು ನಿಂತ ಹಾಗೆ ಗುಂಯ್ ಎಂದು ಏರುವುದು, ಸ್ವಲ್ಪ ಇಳಿಯುವುದು, ಮತ್ತೆ ಏರುವುದು.

"ಐಡಲ್ ಜಾಸ್ತಿ ಇದೆ," ಎಂದ ಮೇಸ್ತ್ರಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. "ಅಂದ್ರೆ ಸುಮ್ನೆ ನಿಂತಾಗ ಎಷ್ಟು ಸುತ್ತಬೇಕೋ ಅದರ ಎರಡರಷ್ಟು ಸುತ್ತುತ್ತಾ ಇದೆ. ಮದುವೆ ಮುಗಿಸ್ಕೊಂಡು ಬಂದು ನೋಡ್ತೀನಿ."

"ನೀವು ನಿಧಾನಕ್ಕೆ ಬನ್ನಿ. ನಾನೇ ಸರಿ ಮಾಡಿರ್ತೀನಿ," ಎಂದ ಮೀಟರಪ್ಪ.

ಹಳೆಯ ಇಂಜಿನ್ನನ್ನು ಗುಜರಿಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಅಂಗಳದಲ್ಲಿ ಬಿಡುವಂತೆಯೂ ಇರಲಿಲ್ಲ, ಏಕೆಂದರೆ ಪಕ್ಕದ ಮನೆಯಲ್ಲಿ ಟೈಲರಮ್ಮ ಇದ್ದರು. ಅವರ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು; ಕಾಲು ಯಂತ್ರವನ್ನು ತುಳಿಯುತ್ತಿದ್ದರೆ ಕಣ್ಣು ಬೀದಿಯನ್ನು ತುಳಿಯುತ್ತಿತ್ತು. ಹಾಗಾಗಿ ಅವರು ಊಟ ಮಾಡಿ ಕಣ್ಣು ಮುಚ್ಚುವ ಹೊತ್ತು ನೋಡಿ, ಇಬ್ಬರು ಹಮಾಲರನ್ನು ಕರೆಸಿ, ಹಳೆಯ ಇಂಜಿನ್ನನ್ನು ಅತ್ತೆಯ ಕೋಣೆಯ ಕಬ್ಬಿಣದ ಮಂಚದ ಮೇಲೆ ಮಲಗಿಸಿ ಮೇಲೊಂದು ಹೊದಿಕೆ ಹೊದಿಸಿದ್ದಾಯಿತು.

"ರೀ, ಅಮ್ಮ ಭಾನುವಾರ ಬರ್ತಾಳೆ," ಎಂದಳು ಹೆಂಡತಿ. "ಆ ಗಾಡಿ ಸದ್ದು ಅವಳಿಗೆ ನನ್ನ ಅಳುವಿಗಿಂತ ಚೆನ್ನಾಗಿ ಗೊತ್ತು. ಹೀಗೆ ಕೂಗಿದ್ರೆ ಬೀದಿ ತುದೀಲೇ ಕಂಡುಹಿಡೀತಾಳೆ."

"ಭಾನುವಾರದೊಳಗೆ ಬೆಕ್ಕಿನ ಮರಿ ಹಾಗೆ ಗುರುಗುಡಬೇಕು ಅದು. ಗುರುಗುಡಿಸ್ತೀನಿ. ನೋಡ್ತಾ ಇರು."

ಮೀಟರಪ್ಪನಲ್ಲಿ ಬುದ್ಧಿ ಹೆಚ್ಚು ಕಡಿಮೆ ಇರಬಹುದು, ಹಟಕ್ಕೆ ಬರವಿರಲಿಲ್ಲ. ಗಾಳಿ ಒಳಗೆ ಹೋಗುವ ಬಾಯನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಕೂಗು ನಿಲ್ಲಲಿಲ್ಲ. ಬ್ಯಾಟರಿ ಕಳಚಿ, ಕಂಪ್ಯೂಟರ್ ಪೆಟ್ಟಿಗೆ ಹಳೆಯದನ್ನೆಲ್ಲ ಮರೆಯಲಿ ಎಂದು ಒಂದು ಹೊತ್ತು ಬಿಟ್ಟು ಮತ್ತೆ ಜೋಡಿಸಿದ. ಪೆಟ್ಟಿಗೆ ಎಲ್ಲ ಮರೆಯಿತು, ಕೂಗುವುದೊಂದನ್ನು ಬಿಟ್ಟು. ಐಡಲಿನ ಗಾಳಿಯನ್ನು ಹಿಡಿದು ಬಿಡುವ ಸಣ್ಣ ವಾಲ್ವನ್ನೇ ಬದಲಾಯಿಸಿದ. ಹೊಸ ವಾಲ್ವು ಬಂದ ಸಂಭ್ರಮಕ್ಕೆ ಇಂಜಿನ್ನು ಇನ್ನಷ್ಟು ಕೂಗಿತು. ಕೊನೆಗೆ ತನ್ನ ಕಸುಬಿನ ಬ್ರಹ್ಮಾಸ್ತ್ರ ತೆಗೆದ: ಸಾಬೂನಿನ ನೊರೆ. ಪೈಪುಪೈಪಿಗೂ ಸವರಿ, ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೋರಿಕೆ ಎಂದು ಕಾದು ಕೂತ. ಒಂದು ಗುಳ್ಳೆಯೂ ಏಳಲಿಲ್ಲ.

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ಅವನ ಟಾರ್ಚು ಇರುತ್ತಿದ್ದದ್ದು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ. ಇಂಜಿನ್ನು ಕೂಗುತ್ತಿರುವಾಗ ಪೆಟ್ಟಿಗೆಯ ಮುಚ್ಚಳ ತೆಗೆದು ಟಾರ್ಚು ಹಿಡಿದುಕೊಂಡು ಬಾನೆಟ್ಟಿನತ್ತ ಬಂದರೆ, ಇಂಜಿನ್ನು ತಪ್ಪು ಮಾಡಿದ ಮಗುವಿನ ಹಾಗೆ ಮೆತ್ತಗಾಗಿರುತ್ತಿತ್ತು. "ಸರಿಹೋಯ್ತು!" ಎಂದು ಟಾರ್ಚನ್ನು ಒಳಗಿಟ್ಟು ಮುಚ್ಚಳ ಹಾಕಿದನೋ, ಮತ್ತೆ ಗುಂಯ್! ಮೀಟರಪ್ಪ ಇದನ್ನು ಹತ್ತಾರು ಸಲ ಪರೀಕ್ಷಿಸಿ ಒಂದು ಗಂಭೀರ ತೀರ್ಮಾನಕ್ಕೆ ಬಂದ: ಈ ಇಂಜಿನ್ನು ಟಾರ್ಚಿಗೆ ಹೆದರುತ್ತದೆ.

ಶುಕ್ರವಾರ ಬೆಳಿಗ್ಗೆ ಹಟಕ್ಕೂ ಸುಸ್ತಾಗಿ ಮೇಸ್ತ್ರಿಗೆ ಫೋನು ಮಾಡಿದ. ಕೈಯೆಲ್ಲ ಗ್ರೀಸು, ಫೋನನ್ನು ಕಾಂಪೌಂಡಿನ ಮೇಲಿಟ್ಟು ಸ್ಪೀಕರ್ ಹಾಕಿದ. ಮದುವೆಮನೆಯ ಗದ್ದಲದಲ್ಲಿ ಕೇಳಲೆಂದು ಗಂಟಲು ಬಿಚ್ಚಿ ಮಾತಾಡಿದ. ಕಾಂಪೌಂಡಿನ ಆಚೆ ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಂತದ್ದು ಅವನ ಗಮನಕ್ಕೆ ಬರಲಿಲ್ಲ.

"ಮೇಸ್ತ್ರೀ, ಅತ್ತೇದು ವಿಪರೀತ ಆಯ್ತು! ಹೊಸದು ಹಾಕಿದಾಗಿಂದ ಒಂದು ಗಳಿಗೆ ಸುಮ್ನಿಲ್ಲ. ಸುಮ್ನೆ ಇರ್ಬೇಕಾದ ಹೊತ್ತಲ್ಲೇ ಕಿರಚುತ್ತೆ! ಮುಖಕ್ಕೆ ಟಾರ್ಚ್ ಹಿಡಿದ್ರೆ ಮೆತ್ತಗಾಗುತ್ತೆ, ತೆಗೆದ ತಕ್ಷಣ ಮತ್ತೆ ಶುರು!"

"ಗಾಳಿ ಸ್ವಾಮಿ, ಗಾಳಿ!" ಎಂದಿತು ಫೋನು. "ಎಲ್ಲಿಂದಲೋ ಒಳಗೆ ಗಾಳಿ ಸೇರ್ಕೊಂಡಿದೆ!"

"ಸಾಬೂನು ಹಚ್ಚಿ ನೋಡಿದೆ, ಹೊರಗೆ ಬರ್ಲಿಲ್ಲ!"

"ನೀರಾದ್ರೆ ಹೊರಗೆ ಬರುತ್ತೆ. ಇದು ಹೊರಗಿಂದ ಒಳಗೆ ಸೇರೋದು! ಹೊಗೆ ಹಾಕಿ. ಒಳಗೆ ಹೊಗೆ ತುಂಬಿಸಿ, ಅದು ಎಲ್ಲಿಂದ ಹೊರಗೆ ಬರುತ್ತೋ ಅಲ್ಲೇ ಗಾಳಿ ಇರೋದು! ಅಂದಹಾಗೆ, ಹಳೇದನ್ನ ಏನು ಮಾಡಿದ್ರಿ?"

"ಅತ್ತೆ ಮಂಚದ ಮೇಲೇ ಮಲಗಿಸಿದೀನಿ. ಹೊದಿಕೆ ಹೊದಿಸಿದೀನಿ. ಯಾರಿಗೂ ಹೇಳ್ಬೇಡಿ!"

ಟೈಲರಮ್ಮ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಎದ್ದರು. ಕಾಂಪೌಂಡು ಬಳಸಿ ಹಿಂಬದಿಗೆ ಹೋಗಿ ಅತ್ತೆಯ ಕೋಣೆಯ ಕಿಟಕಿಯಲ್ಲಿ ಇಣುಕಿದರು. ಅರೆಗತ್ತಲು. ಮಂಚದ ಮೇಲೆ ತಲೆಯಿಂದ ಕಾಲಿನವರೆಗೆ ಹೊದ್ದು ಮಲಗಿದ ಆಕಾರ. ಅಲುಗಾಟವಿಲ್ಲ. ಮಂಚದ ಕೆಳಗೆ ನೆಲದ ಮೇಲೆ ಕಪ್ಪಗೆ ಏನೋ ತೊಟ್ಟಿಕ್ಕಿದ ಕಲೆ.

ಮಧ್ಯಾಹ್ನದೊಳಗೆ ಬೀದಿಗೆ ಬೀದಿಯೇ ತಿಳಿಯಿತು. ಮೀಟರಪ್ಪ ಅತ್ತೆಯನ್ನು ಯಾರಿಗೂ ಗೊತ್ತಾಗದ ಹಾಗೆ ಕರೆತಂದು ಒಳಗೆ ಕೂಡಿಹಾಕಿದ್ದಾನೆ. ಏನೋ ದೊಡ್ಡ ಆಪರೇಶನ್ನಾಗಿ ಹೊಸ ಹೃದಯ ಹಾಕಿಸಿದ್ದಾರೆ. ಆ ಹೃದಯ ಯಾರದೋ ಏನೋ, ಅದರ ಜೊತೆಯಲ್ಲೇ ಗಾಳಿ ಮೈಗೆ ಸೇರಿಕೊಂಡಿದೆ. ಯಾರೋ ಒಬ್ಬರು ಸಂಶಯ ಎತ್ತಿದರು: "ಕಿರಚಿದ್ದು ನಮಗ್ಯಾರಿಗೂ ಕೇಳಲಿಲ್ಲವಲ್ಲ? ಬರೀ ಕಾರಿನ ಸದ್ದು."

"ಅದಕ್ಕೇ ಕಣ್ರೀ ಕಾರು!" ಎಂದರು ಟೈಲರಮ್ಮ. "ಆ ಯಮ್ಮ ಕಿರಚೋದು ಹೊರಗೆ ಕೇಳಬಾರದು ಅಂತ ಇವನು ಕಾರು ರೇಸ್ ಮಾಡ್ತಾನೆ."

"ಅಲ್ಲಾ, ಅತ್ತೇನ 'ಕಿರಚುತ್ತೆ' ಅಂದನಾ? 'ಕಿರಚ್ತಾರೆ' ಅನ್ನಬೇಕಲ್ವಾ? ಹಾಗೆಲ್ಲ ಮರ್ಯಾದೆ ಬಿಡೋನಲ್ಲ ಅವನು."

ಟೈಲರಮ್ಮ ದನಿ ತಗ್ಗಿಸಿದರು. "ಗಾಳಿ ಸೇರಿದ ಮೇಲೆ ಅವರೆಲ್ಲಿರ್ತಾರೆ? 'ಅವರು' ಹೋಗಿ 'ಅದು' ಆಗಿದೆ. ಮಾತಾಡ್ತಿರೋದೆಲ್ಲ 'ಅದೇ'!"

ಈ ವ್ಯಾಕರಣದ ಮುಂದೆ ಎಲ್ಲರ ಸಂಶಯವೂ ಅಡಗಿತು.

ಸುದ್ದಿ ಕಚೇರಿಗೂ ಹೋಯಿತು, ಏಕೆಂದರೆ ಸಾಹೇಬರ ಹೆಂಡತಿಯ ರವಿಕೆ ಹೊಲಿಯುತ್ತಿದ್ದದ್ದು ಇದೇ ಟೈಲರಮ್ಮ. ಸಾಯಂಕಾಲ ಮೀಟರಪ್ಪ ಹೆದರುತ್ತ ಹೆದರುತ್ತ ಶನಿವಾರಕ್ಕೆ ರಜೆ ಕೇಳಿದ. ರಜೆ ಎಂಬ ಶಬ್ದ ಕೇಳಿದರೆ ಹಲ್ಲು ನೋವು ಬಂದವರಂತೆ ಮುಖ ಮಾಡುತ್ತಿದ್ದ ಸಾಹೇಬರು ಕುರ್ಚಿಯಿಂದ ಎದ್ದು ಅವನ ಹೆಗಲ ಮೇಲೆ ಕೈ ಇಟ್ಟರು.

"ಅತ್ತೇದು ತಾನೆ? ನನಗೆ ಎಲ್ಲಾ ಗೊತ್ತಾಗಿದೆ ಕಣಯ್ಯ."

ಇಂಜಿನ್ನು ಹೋದದ್ದು ಸಾಹೇಬರಿಗೂ ತಿಳಿಯಿತೆಂದುಕೊಂಡ ಮೀಟರಪ್ಪ ಒಪ್ಪಿಕೊಂಡುಬಿಟ್ಟ. "ಸರ್, ಅವತ್ತು ನಿಮ್ಮನ್ನ ಕೂರಿಸ್ಕೊಂಡು ಹೋಗಿದ್ದೇ ಕಾರಣ. ಆವತ್ತೇ ಹೋಗಿದ್ದು."

ತಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡದ್ದಕ್ಕೂ ಅತ್ತೆಯ ಹೃದಯಕ್ಕೂ ಏನು ಸಂಬಂಧ ಎಂದು ಸಾಹೇಬರಿಗೆ ಹೊಳೆಯಲಿಲ್ಲ. ಆದರೂ ಏನೋ ತಪ್ಪು ಮಾಡಿದಂತಾಗಿ, "ನಾಳೆ ನಾವೆಲ್ಲ ಬರ್ತೀವಿ," ಎಂದುಬಿಟ್ಟರು.

ಸುದ್ದಿಗೆ ಕಾಲಿದ್ದರೆ ಊರೊಳಗೆ ನಿಲ್ಲುತ್ತಿತ್ತೇನೋ, ಅದಕ್ಕೆ ಫೋನಿತ್ತು. ಟೈಲರಮ್ಮ ಕರುಣೆ ತಡೆಯಲಾರದೆ ಹಿರಿಯ ಮಗಳ ಮನೆಗೂ ಒಂದು ಮಾತು ಮುಟ್ಟಿಸಿದರು. ಆ ಕಡೆ ಫೋನು ಎತ್ತಿದವರು ಯಾರೆಂದು ಕೇಳುವ ತಾಳ್ಮೆಯೂ ಇರಲಿಲ್ಲ. "ಗಟ್ಟಿ ಮನಸ್ಸು ಮಾಡ್ಕೊಳಮ್ಮ. ನಿಮ್ಮಮ್ಮನಿಗೆ ಗಾಳಿ ಸೇರಿದೆ. ಮಂಚದ ಮೇಲೆ ಉಸಿರಿಲ್ಲದ ಹಾಗೆ ಬಿದ್ದಿದಾರೆ."

"ಹೌದಾ?" ಎಂದಿತು ಆ ದನಿ. "ಯಾರ ಮಂಚದ ಮೇಲೆ?"

"ಅವರ ಮಂಚದ ಮೇಲೇ."

"ಬರ್ತೀನಿ," ಎಂದು ಫೋನು ಇಟ್ಟದ್ದು ಮಗಳಲ್ಲ.

ಶನಿವಾರ ಮೀಟರಪ್ಪ ಶೆಡ್ಡಿನಲ್ಲಿ ಹೊಗೆಯ ಯಂತ್ರ ಸಿದ್ಧ ಮಾಡುತ್ತಿದ್ದ. ಒಂದು ದೊಡ್ಡ ಡಬ್ಬಿಯ ಮುಚ್ಚಳಕ್ಕೆ ಎರಡು ತೂತು; ಒಂದಕ್ಕೆ ಸೈಕಲ್ ಪಂಪು, ಇನ್ನೊಂದರಿಂದ ಇಂಜಿನ್ನಿನೊಳಕ್ಕೆ ಪೈಪು. ಡಬ್ಬಿಯಲ್ಲಿ ಏನು ಸುಟ್ಟರೆ ಒಳ್ಳೆಯ ಹೊಗೆ ಬಂದೀತು ಎಂದು ಯೋಚಿಸುತ್ತಿರುವಾಗ ಟೈಲರಮ್ಮ ಸೊಳ್ಳೆಗೆ ಹೊಗೆ ಹಾಕುವ ಕೆಂಡದ ಕುಡಿಕೆ ಮತ್ತು ಒಂದು ಮೂಟೆ ಚಿಂದಿ ಬಟ್ಟೆ ಹಿಡಿದು ಬಂದರು.

"ಮೀಟರಪ್ಪಾ, ಹೊಗೆಗೆ ತಂದಿದೀನಿ. ನೀನೊಬ್ಬನೇ ಒದ್ದಾಡಬೇಡ."

ಮೀಟರಪ್ಪನ ಕಣ್ಣು ತುಂಬಿ ಬಂತು. "ಅಕ್ಕಾ! ನಿಮಗೆ ಹೇಗೆ ಗೊತ್ತಾಯ್ತು?"

"ಗೋಡೆಗೂ ಕಿವಿ ಇರುತ್ತಪ್ಪ. ಎಲ್ಲಿಂದ ಸೇರ್ಕೊಂಡಿತು, ತಿಳೀತಾ?"

"ಅದೇ ಗೊತ್ತಾಗ್ತಿಲ್ಲ. ಒಂದೊಂದೇ ಬಿಚ್ಚಿ ತಿಕ್ಕಿ ನೋಡಿದೆ."

ಟೈಲರಮ್ಮ ಬೆಚ್ಚಿದರು. "ಏನು ಬಿಚ್ಚಿದೆ?"

"ಎಲ್ಲಾನೂ. ಈಗ ಉಳಿದಿರೋದು ಹೊಗೆಯೊಂದೇ. ಮೊದಲು ಬಾಯಿಗೆ ಬಟ್ಟೆ ತುರುಕಿ ಬಿಗಿಯಾಗಿ ಕಟ್ಟಿಬಿಡೋದು. ಆಮೇಲೆ ಸಂದಿಗೆ ಪೈಪು ಹಾಕಿ ಪಂಪಲ್ಲಿ ಹೊಡೆಯೋದು."

"ಅಯ್ಯೋ ಪಾಪಿ! ವಯಸ್ಸಾದ ಜೀವ ಕಣೋ!"

"ಮೈ ಮಾತ್ರ ಹಳೇದು ಅಕ್ಕಾ. ಒಳಗಿರೋದು ಹೊಸದು, ತಡ್ಕೊಳ್ಳುತ್ತೆ."

ಅಷ್ಟರಲ್ಲಿ ಗೇಟಿನಲ್ಲಿ ಸಾಹೇಬರು, ಅವರ ಹಿಂದೆ ಕಚೇರಿಯ ಸಿಬ್ಬಂದಿ, ಅವರ ಹಿಂದೆ ಅರ್ಧ ಬೀದಿ. ಕೆಲವರ ಕೈಯಲ್ಲಿ ಹಣ್ಣು. ಎಲ್ಲರ ಮುಖದಲ್ಲೂ ಸಾವಿನ ಮನೆಗೆಂದು ಇಸ್ತ್ರಿ ಮಾಡಿಟ್ಟ ಗಾಂಭೀರ್ಯ. ಬಾಗಿಲಲ್ಲಿದ್ದ ಹೆಂಡತಿಗೆ ಇವರೆಲ್ಲ ಯಾಕೆ ಬಂದರೆಂದು ತಿಳಿಯಲಿಲ್ಲ. ಆದರೆ ಕೋಣೆಯೊಳಗಿನ ಇಂಜಿನ್ನು ಕಂಡರೆ ಅಮ್ಮನವರೆಗೂ ಸುದ್ದಿ ಹೋಗುತ್ತದೆಂ‍ಬುದು ತಿಳಿಯಿತು. ಬಾಗಿಲಿಗೆ ಅಡ್ಡ ನಿಂತು, "ಒಳಗೆ ಯಾರೂ ಬರಬೇಡಿ! ಅಮ್ಮ... ಅಮ್ಮ ಮಲಗಿದಾಳೆ!" ಎಂದಳು.

ಗುಂಪಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಎಲ್ಲರಿಗೂ ಖಾತ್ರಿಯಾಯಿತು.

ಆಗ ಒಬ್ಬ ಹೆಂಗಸು ಕೈಚೀಲ ಹಿಡಿದು ಆಟೋದಿಂದ ಇಳಿದು ಜನರನ್ನು ಸರಿಸುತ್ತ ಬಂದರು. ಸಾಹೇಬರಿಗೆ ಅವರ ಗುರುತಿರಲಿಲ್ಲ.

"ಇಲ್ಲೇನು ನಡೀತಾ ಇದೆ?"

"ಈ ಮನೆ ಯಜಮಾನಿ ಅಮ್ಮಂಗೆ ತುಂಬಾ ಸೀರಿಯಸ್ಸು," ಎಂದರು ಸಾಹೇಬರು. "ತಾವು ಹತ್ತಿರದ ಸಂಬಂಧವಾ?"

"ತುಂಬಾ ಹತ್ತಿರ," ಎಂದರು ಅತ್ತೆ.

ಅವರನ್ನು ಮೊದಲು ಗುರುತಿಸಿದವರು ಟೈಲರಮ್ಮ. ಕೆಂಡದ ಕುಡಿಕೆ ಮೀಟರಪ್ಪನ ಕೈಗೆ ತುರುಕಿ ಕಿರಚಿಕೊಂಡರು: "ಮಂಚದ ಮೇಲೂ ಅವರೇ, ಗೇಟಲ್ಲೂ ಅವರೇ!"

ಅತ್ತೆ ಯಾರನ್ನೂ ನೋಡದೆ ನೆಟ್ಟಗೆ ಒಳಗೆ ಹೋದರು. ಮಗಳು ಅಡ್ಡ ಬರಲಿಲ್ಲ; ಹತ್ತಾರು ವರ್ಷ ಬ್ರೇಕು ತುಳಿದು ಗಟ್ಟಿಯಾದ ಆ ನಡಿಗೆಗೆ ಅಡ್ಡ ಬಂದವರು ಯಾರೂ ಇಲ್ಲ. ಹಿಂದೆಯೇ ಜನ ನುಗ್ಗಿದರು. ಅತ್ತೆ ಮಂಚದ ಹತ್ತಿರ ನಿಂತು ಹೊದಿಕೆಯ ತುದಿ ಹಿಡಿದು ಎಳೆದರು.

ಇಂಜಿನ್ನು. ಅವರದೇ ಇಂಜಿನ್ನು.

ಅತ್ತೆ ಮಂಚದ ಅಂಚಿನಲ್ಲಿ ಕೂತು, ಗ್ರೀಸು ಹತ್ತುತ್ತದೆ ಎಂದು ನೋಡದೆ ಅದರ ಮೇಲೆ ಕೈ ಇಟ್ಟರು.

"ಯಾವಾಗ ಹೋಯ್ತು?"

"ನೀವು ಹೋದ ವಾರವೇ ಅತ್ತೆ," ಎಂದ ಮೀಟರಪ್ಪ ಬಾಗಿಲ ಬಳಿಯಿಂದ.

"ಹೇಗೆ?"

"ನೀರಿಲ್ಲದೆ. ನೀವು ಬೇಡ ಅಂದಿದ್ರಿ. ನಾನೇ ಓಡಿಸಿದೆ. ನೋಡದೇ ಓಡಿಸಿದೆ. ತಪ್ಪು ನಂದು."

ಸಾಹೇಬರು ತಲೆಯ ಟೋಪಿ ತೆಗೆದರು. ದುಃಖ ಹೇಳಲೆಂದೇ ಬಂದಿದ್ದ ಜನಕ್ಕೆ ಕೊನೆಗೂ ಹೇಳಿಕೊಳ್ಳಲು ಒಂದು ದುಃಖ ಸಿಕ್ಕಿತು. ಅತ್ತೆಯ ಬಳಿ ಡ್ರೈವಿಂಗ್ ಕಲಿತಿದ್ದ ಇಬ್ಬರು ನಿಜವಾಗಿಯೇ ಕಣ್ಣೊರೆಸಿಕೊಂಡರು.

"ನನ್ನ ಇಬ್ಬರು ಮಕ್ಕಳನ್ನ ಎಳೆದಿದ್ದು ಇದು," ಎಂದರು ಅತ್ತೆ. ಅಳಿಯನತ್ತ ತಿರುಗಿ, "ಮಾರಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ಇಟ್ಕೊಂಡ್ರಿ?"

"ತೂಕಕ್ಕೆ ಹಾಕೋಕೆ ಮನಸ್ಸಾಗಲಿಲ್ಲ."

ಅತ್ತೆ ಅವನನ್ನೇ ನೋಡಿದರು. ಬೈಗುಳ ಬರಲಿಲ್ಲ. ಬೈಗುಳ ಬರದಿದ್ದದ್ದಕ್ಕೆ ಮೀಟರಪ್ಪನಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

"ಈಗ ಶೆಡ್ಡಲ್ಲಿರೋದು?"

"ಬೇರೆ ಇಂಜಿನ್. ಚೆನ್ನಾಗಿದೆ, ಆದ್ರೆ ಐಡಲ್ ನಿಲ್ತಿಲ್ಲ. ಎಲ್ಲೋ ಗಾಳಿ ಸೇರ್ತಾ ಇದೆ."

"ಓ," ಎಂದು ಒಳಗೂ ಹೊರಗೂ ಐವತ್ತು ಬಾಯಿ ಒಟ್ಟಿಗೆ ಹೇಳಿದವು. ಟೈಲರಮ್ಮ ಚಿಂದಿಯ ಮೂಟೆಯ ಗಂಟು ಬಿಚ್ಚತೊಡಗಿದರು.

"ಮೇಸ್ತ್ರಿ ಬರಲಿ, ಅವನು ನೋಡ್ತಾನೆ," ಎಂದರು ಅತ್ತೆ. "ನೀವು ಇನ್ನು ಅದನ್ನ ಮುಟ್ಟಬೇಡಿ."

ಎಂದೂ ಎದುರು ಮಾತಾಡದಿದ್ದ ಮೀಟರಪ್ಪ ಅವತ್ತು ಮಾತಾಡಿದ. "ಇಲ್ಲ ಅತ್ತೆ. ಮುಟ್ಟಿದ್ದು ನಾನು, ಸರಿ ಮಾಡೋದೂ ನಾನೇ. ಇವತ್ತು ಆಗಲಿಲ್ಲ ಅಂದ್ರೆ ಈ ಮನೇಲಿ ಒಂದು ನಲ್ಲೀನೂ ಮುಟ್ಟಲ್ಲ. ಆದ್ರೆ ಇವತ್ತು ಬಿಡಿ."

ಅತ್ತೆ ಎದ್ದು ಒಂದು ಕುರ್ಚಿ ತರಿಸಿ ಶೆಡ್ಡಿನ ಮುಂದೆ ಹಾಕಿಸಿ ಕೂತರು.

ಆ ಬೀದಿಯಲ್ಲಿ ಅಂಥ ಕೆಲಸ ಹಿಂದೆ ನಡೆದಿರಲಿಲ್ಲ. ಟೈಲರಮ್ಮ ಡಬ್ಬಿಯೊಳಕ್ಕೆ ಕೆಂಡದ ಮೇಲೆ ಚಿಂದಿ ಹಾಕಿದರು. ಮೀಟರಪ್ಪ ಇಂಜಿನ್ನಿನ ಬಾಯಿಗೆ ಬಟ್ಟೆ ತುರುಕಿ ಕಟ್ಟಿದ. ಸೈಕಲ್ ಪಂಪು ಹೊಡೆಯಲು ಯಾರೂ ಮುಂದೆ ಬಾರದೆ, ವರ್ಷಾನುಗಟ್ಟಲೆ ಒಂದು ಫೈಲನ್ನೂ ಅಲುಗಿಸದ ಸಾಹೇಬರೇ ತೋಳು ಮಡಿಸಿ ಪಂಪು ಹಿಡಿದರು. ಪಂಪು ಎದ್ದು ಬಿದ್ದಿತು, ಸಾಹೇಬರೂ ಎದ್ದು ಬಿದ್ದರು. ಎಲ್ಲರೂ ಬಾನೆಟ್ಟಿನೊಳಗೆ ಬಗ್ಗಿ ಹೊಗೆಗಾಗಿ ಕಾದರು. ಬರಲಿಲ್ಲ.

"ಹೊಡೀರಿ ಸರ್, ಬಿಡಬೇಡಿ!" ಎಂದ ಮೀಟರಪ್ಪ. ಹುದ್ದೆಯ ಅಂತರ ಆ ಕ್ಷಣಕ್ಕೆ ಯಾರಿಗೂ ನೆನಪಿರಲಿಲ್ಲ. ಒಂದೊಂದು ಪೈಪಿನ ಮೇಲೂ ಬೆರಳು ಆಡಿಸಿದ. ಒಣ. ಹೊಗೆಯಿಲ್ಲ. ಬೆವರು ಅವನ ಕಣ್ಣಿಗಿಳಿಯುತ್ತಿತ್ತು.

"ರೀ!" ಎಂದಳು ಹೆಂಡತಿ. ಅವಳೊಬ್ಬಳು ಮಾತ್ರ ಬಾನೆಟ್ಟನ್ನು ನೋಡದೆ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದಳು. "ಒಳಗೆ ಏನೋ ಸುಡ್ತಾ ಇದೆ!"

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಸಂದಿಯಿಂದ ನೂಲಿನೆಳೆಯಷ್ಟು ಹೊಗೆ ಮೇಲೇಳುತ್ತಿತ್ತು. ಮೀಟರಪ್ಪ ಓಡಿ ಬಂದು ಮುಚ್ಚಳ ತೆಗೆದ. ಹೊಗೆ ನಿಂತಿತು. ಮುಚ್ಚಿದ; ಹೊಗೆ ಬಂತು. ಮತ್ತೆ ತೆಗೆದ, ನಿಂತಿತು. ಅವನು ಟಾರ್ಚನ್ನು ಕೈಗೆತ್ತಿಕೊಂಡು ಒಂದು ಗಳಿಗೆ ಅದನ್ನೇ ನೋಡಿದ. ಪಾಪ, ಟಾರ್ಚಿನದು ಏನೂ ಇರಲಿಲ್ಲ. ಪೆಟ್ಟಿಗೆಯ ಹಿಂದೆ ಒಂದು ಸಣ್ಣ ಕರಿಯ ರಬ್ಬರ್ ಪೈಪು, ಮುಚ್ಚಳದ ಮೂಲೆಯಲ್ಲೇ ಹಾದು ಹೋಗಿತ್ತು. ಅದರ ಹೊಟ್ಟೆಯಲ್ಲಿ ಉಗುರಿನಷ್ಟು ಬಿರುಕು. ಮುಚ್ಚಳ ತೆಗೆದಾಗ ಪೈಪು ಬಾಗಿ ಬಿರುಕು ಮುಚ್ಚಿಕೊಳ್ಳುತ್ತಿತ್ತು. ಮುಚ್ಚಳ ಹಾಕಿದಾಗ ಪೈಪು ನೆಟ್ಟಗಾಗಿ ಬಿರುಕು ಬಾಯಿ ತೆರೆದು ಇಂಜಿನ್ನಿಗೆ ಕದ್ದು ಗಾಳಿ ಕುಡಿಸುತ್ತಿತ್ತು. ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಬಂದಷ್ಟೂ ಕಂಪ್ಯೂಟರ್ ಪೆಟ್ಟಿಗೆ ಲೆಕ್ಕ ತಪ್ಪಿ ಪೆಟ್ರೋಲು ಚಿಮುಕಿಸಿ ಇಂಜಿನ್ನನ್ನು ಕೂಗಿಸುತ್ತಿತ್ತು. ಆ ಪೈಪನ್ನು ಹೊಸ ಇಂಜಿನ್ನಿಗೆ ಜೋಡಿಸಿದ ಮಹಾನುಭಾವ ಯಾರೆಂದು ಹೇಳಬೇಕಾಗಿಲ್ಲ.

"ಇದು ಎಲ್ಲಿಗೆ ಹೋಗುತ್ತೆ?" ಎಂದು ಅವನು ಪೈಪನ್ನು ಹಿಡಿದು ಹಿಂಬಾಲಿಸಿದ. ಅದು ಟಾರ್ಚಿನ ಪೆಟ್ಟಿಗೆಯೊಳಗಿನ ಒಂದು ದುಂಡನೆಯ ಗಾಜಿನ ಮುಖದ ಬೆನ್ನಿಗೆ ಸೇರಿತ್ತು. "ಅಯ್ಯೋ, ಇದು ಗಡಿಯಾರ ಅಲ್ವಾ? ಒಂದು ಮುಳ್ಳು ಉದುರಿಹೋಗಿದೆ ಅಂದ್ಕೊಂಡಿದ್ದೆ."

"ಅದು ಮೀಟರು!" ಎಂದರು ಅತ್ತೆ ಕುರ್ಚಿಯಿಂದಲೇ. "ಕಲಿಯೋರು ಆಕ್ಸಿಲರೇಟರ್ ಜಾಸ್ತಿ ತುಳಿದು ಪೆಟ್ರೋಲ್ ಪೋಲು ಮಾಡಿದ್ರೆ ತೋರಿಸೋ ಮೀಟರು. ಅದನ್ನ ನೋಡ್ಕೊಂಡೇ ಅವರ ಮಂಡಿಗೆ ಸ್ಕೇಲಲ್ಲಿ ಹೊಡೀತಿದ್ದೆ. ಊರಿಗೆಲ್ಲ ಮೀಟರಪ್ಪ, ಕಣ್ಣೆದುರಿನ ಮೀಟರ್ ಗೊತ್ತಾಗಲಿಲ್ಲವಲ್ಲ!"

ಡ್ರೈವಿಂಗ್ ಕಲಿತ ಇಬ್ಬರೂ ತಮಗೆ ಅರಿವಿಲ್ಲದೆ ಮಂಡಿ ಸವರಿಕೊಂಡರು.

ಮೀಟರಪ್ಪ ಪೈಪು ಕಿತ್ತೆಸೆದು ತೂತಿಗೆ ಬಿರಡೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಬಿರುಕಿದ್ದ ಭಾಗವನ್ನು ಕತ್ತರಿಸಿ, ಹೊಸ ರಬ್ಬರ್ ಪೈಪು ತಂದು, ಮುಚ್ಚಳಕ್ಕೆ ತಾಗದ ಹಾಗೆ ಬಳಸಿ ಎಳೆದು, ಎರಡೂ ತುದಿಗೆ ಕ್ಲಿಪ್ಪು ಬಿಗಿದು ಅತ್ತೆಯ ಮೀಟರಿಗೆ ಮತ್ತೆ ಜೀವ ಕೊಟ್ಟ. ಆಮೇಲೆ ಇಂಜಿನ್ನಿನ ಬಾಯಿಯ ಬಟ್ಟೆ ಬಿಚ್ಚಿ ಕೀಲಿ ತಿರುಗಿಸಿದ. ಇಂಜಿನ್ನು ಒಮ್ಮೆ ಕೆಮ್ಮಿ ಹೊಗೆಯನ್ನೆಲ್ಲ ಉಗಿಯಿತು, ಏರಿತು, ಇಳಿಯಿತು. ಮತ್ತೆ ಏರಲಿಲ್ಲ. ಮೀಟರಪ್ಪ ಪೆಟ್ಟಿಗೆಯ ಮುಚ್ಚಳವನ್ನು ಹತ್ತು ಸಲ ತೆಗೆದು ಹಾಕಿದ. ಅದು ತನ್ನ ಪಾಡಿಗೆ ತಾನು ಮೆಲ್ಲಗೆ ನಡೆಯುತ್ತಿತ್ತು. ಬೀದಿ ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಪಂಪಿನ ಮೇಲೇ ಕೂತು ಸುಧಾರಿಸಿಕೊಂಡರು.

ಅತ್ತೆ ಚಪ್ಪಾಳೆ ತಟ್ಟಲಿಲ್ಲ. ಎದ್ದು ಬಂದು ಬಾನೆಟ್ಟಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಇಂಜಿನ್ನಿನ ಪಕ್ಕೆಯಲ್ಲಿ ಹಸಿರು ಪೇಂಟಿನ ಒಣಗಿದ ಹನಿಗಳಿದ್ದವು. ಉಗುರಿನಿಂದ ಒಂದನ್ನು ಕೆರೆದರು.

"ಈ ಇಂಜಿನ್ ಯಾವ ಗಾಡೀದು?"

"ಯಾವುದೋ ಡ್ರೈವಿಂಗ್ ಸ್ಕೂಲಿನ ಹಳೇ ಗಾಡಿ ಅಂದ ಗುಜರಿಯವನು. ಮುಂದಿನ ವೃತ್ತದ ಹತ್ತಿರದ್ದಂತೆ," ಎಂದ ಮೀಟರಪ್ಪ. "ಯಾಕತ್ತೆ, ಸರಿ ಇಲ್ವಾ?"

ವೃತ್ತದ ಹತ್ತಿರ ಇದ್ದದ್ದು ಒಂದೇ ಡ್ರೈವಿಂಗ್ ಸ್ಕೂಲು. ಅಲ್ಲಿ ಕಾರಿನಿಂದ ಗೇಟಿನವರೆಗೆ ಎಲ್ಲವೂ ಹಸಿರು. ಅದರ ಯಜಮಾನ ಅತ್ತೆ ಸ್ಕೂಲು ತೆರೆದ ದಿನದಿಂದ, 'ಹೆಂಗಸಿನ ಹತ್ತಿರ ಕಲಿತರೆ ಗಾಡಿ ರಿವರ್ಸಿನಲ್ಲೇ ಹೋಗುತ್ತೆ' ಎಂದು ಹೇಳಿಕೊಂಡು ಅವರ ಗಿರಾಕಿಗಳನ್ನು ಎಳೆದುಕೊಂಡವನು.

ಅತ್ತೆಯ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡು ಮಗಳು ಓಡಿ ಬಂದಳು. ಅವರು ನಗುತ್ತಿದ್ದರು. ಮದುವೆಯಾದ ಇಷ್ಟು ವರ್ಷದಲ್ಲಿ ಅತ್ತೆ ಹೀಗೆ ನಕ್ಕದ್ದನ್ನು ಮೀಟರಪ್ಪ ನೋಡಿರಲಿಲ್ಲ.

"ಅಳಿಯಂದಿರೇ, ಹತ್ತಿ," ಎಂದರು ಕಣ್ಣೊರೆಸಿಕೊಳ್ಳುತ್ತ.

ಮೀಟರಪ್ಪ ವಾಡಿಕೆಯಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದ.

"ಅಲ್ಲಲ್ಲ. ಮುಂದೆ. ನೀವೇ ಓಡಿಸಿ."

ಅವನು ಓಡಿಸಿದ. ಪಕ್ಕದಲ್ಲಿ ಅತ್ತೆ ಸೆರಗಿನಿಂದ ಕೈಯ ಗ್ರೀಸು ಒರೆಸುತ್ತ ಕೂತಿದ್ದರು. ವೃತ್ತ ಬಂದಾಗ, "ಆ ಹಸಿರು ಗೇಟಿನ ಮುಂದೆ ನಿಲ್ಲಿಸಿ. ಇಂಜಿನ್ ಆಫ್ ಮಾಡಬೇಡಿ, ಹಾಗೇ ಇರಲಿ," ಎಂದರು.

ಕಾರು ಗೇಟಿಗೆ ಅಡ್ಡಲಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಹಸಿರು ಸ್ಕೂಲಿನ ಯಜಮಾನ ಹೊರಗೆ ಬಂದ. ಅತ್ತೆಯನ್ನು ನೋಡಿದ, ಸದ್ದಿಲ್ಲದೆ ನಿಂತ ಕಾರನ್ನು ನೋಡಿದ, ಮುಖ ಅರಳಿತು.

"ಏನಮ್ಮಾ, ಕೆಟ್ಟು ನಿಂತುಬಿಡ್ತಾ? ಎಷ್ಟು ದಿನ ಅಂತ ಎಳೆಯುತ್ತೆ ಹಳೇ ಗಾಡಿ! ತಳ್ಳೋಕೆ ಜನ ಕಳಿಸ್ಲಾ?"

"ಬಾನೆಟ್ ಮೇಲೆ ಸ್ವಲ್ಪ ಕೈ ಇಟ್ಟು ನೋಡಿ," ಎಂದರು ಅತ್ತೆ.

ಅವನು ಕೈ ಇಟ್ಟ. ಅಂಗೈ ಕೆಳಗೆ ನವಿರಾದ ನಡುಕ. ಬಿಸಿ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ. "ಸ್ಟಾರ್ಟಲ್ಲೇ ಇದೆಯಲ್ಲ! ಗೊತ್ತೇ ಆಗಲಿಲ್ಲ. ಯಾವ ಮೆಕ್ಯಾನಿಕ್ ಮಾಡಿದ್ದು ಇದು?"

"ಮೆಕ್ಯಾನಿಕ್ ಕೈಲಿ ಆಗಲಿಲ್ಲ," ಎಂದರು ಅತ್ತೆ, ರಸ್ತೆಯ ಆಚೆ ಬದಿಯ ಅಂಗಡಿಯವರಿಗೂ ಕೇಳುವ ಹಾಗೆ. "ನಮ್ಮ ಅಳಿಯಂದಿರು ಮಾಡಿದ್ದು."

ಮೀಟರಪ್ಪನಿಗೆ ಎದುರಿನ ರಸ್ತೆ ಮಂಜು ಮಂಜಾಗಿ ಕಂಡಿತು. ಹೊರಡಬೇಕೆಂದು ಗೇರು ಹಾಕಿದ, ಕ್ಲಚ್ಚು ಬಿಟ್ಟ. ಕಾರು ನೆಟ್ಟಗೆ ರಿವರ್ಸಿನಲ್ಲಿ ಹೋಯಿತು.